ದಂಡಿನವರ ದೇವಾಲಯ



ಇಂದಿನ ಶುಭಸಂದೇಶ ಸಂತ ಲೂಕನ 7ನೆಯ ಅಧ್ಯಾಯದ್ದು. ಕಫೆರ್ನೌಮಿನಲ್ಲಿ ಒಬ್ಬ ಶತಾಧಿಪತಿ. ನೂರು ಸಿಪಾಯಿಗಳ ಮೇಲಿನ ಅಧಿಕಾರಿ, ಯೆಹೂದ್ಯನಲ್ಲ, ಆ ಜನರನ್ನು ಆಳುತ್ತಿದ್ದವರ ಕಡೆಯವನು. ಅವನ ಆಳು ಸಾಯುವ ಸ್ಥಿತಿಯಲ್ಲಿದ್ದಾನೆ. ತಾನೇ ಹೋಗಿ ಯೇಸುವನ್ನು ಕರೆಯಲು ಅವನಿಗೆ ಸಂಕೋಚ. ಊರಿನ ಯೆಹೂದ್ಯ ಹಿರಿಯರನ್ನು ಕಳಿಸುತ್ತಾನೆ. ಆ ಹಿರಿಯರು ಅವನ ಪರ ವಹಿಸಿ ಬೇಡಿಕೊಳ್ಳುವಾಗ ಕೊಡುವ ಕಾರಣ ಗಮನಿಸಿ: ಈತ ನಮ್ಮ ಜನರನ್ನು ಪ್ರೀತಿಸುವವನು, ನಮಗೆ ಪ್ರಾರ್ಥನಾಮಂದಿರ ಕಟ್ಟಿಸಿಕೊಟ್ಟವನು ಎನ್ನುತ್ತಾರೆ. ತನ್ನ ಜನರದಲ್ಲದ ಮಂದಿರವನ್ನು ಈ ಮನುಷ್ಯ ತನ್ನ ಹಣದಿಂದ ಬೇರೆಯವರಿಗೆ ಕಟ್ಟಿಸಿಕೊಟ್ಟಿದ್ದ.

ಆ ಸಿಪಾಯಿಯ ಇನ್ನೊಂದು ಮಾತು ನಿಮಗೆಲ್ಲ ಬಾಯಿಪಾಠ. ನೀವು ನನ್ನ ಮನೆಗೆ ಬರುವಷ್ಟು ಯೋಗ್ಯತೆ ನನಗಿಲ್ಲ, ಒಂದು ಮಾತು ಆಡಿದರೆ ಸಾಕು ಎಂದು ಅವನು ಹೇಳಿಕಳಿಸಿದ್ದನ್ನೇ ನಾವು ಪ್ರತಿ ಬಲಿಪೂಜೆಯಲ್ಲಿ ಪರಮಪ್ರಸಾದಕ್ಕೆ ಮುಂಚೆ ಹೇಳುತ್ತೇವೆ. ಪೇತ್ರನ ಮಾತಲ್ಲ, ಪೌಲನ ಮಾತಲ್ಲ. ಹೊರಗಿನವನೊಬ್ಬನ, ಅದೂ ಒಬ್ಬ ಸಿಪಾಯಿಯ ಮಾತನ್ನು ಧರ್ಮಸಭೆ ತನ್ನ ಅತ್ಯಂತ ಪವಿತ್ರ ಗಳಿಗೆಗೆ ಎತ್ತಿಟ್ಟುಕೊಂಡಿದೆ.

ಇದು ಕ್ರೈಸ್ತರ ಐಕ್ಯತೆಗಾಗಿ ಪ್ರಾರ್ಥಿಸುವ ವಾರ, ಜನವರಿ 18ರಿಂದ 25. 1908ರಿಂದ ನಡೆದುಬಂದ ಪದ್ಧತಿ. ಅದಕ್ಕಾಗಿ ಇವತ್ತು ನಿಮ್ಮೊಡನೆ ಸಿಪಾಯಿಗಳ ದೇವಾಲಯಗಳ ವಿಷಯ ಮಾತಾಡಬೇಕೆನಿಸಿತು. ಒಂದೇ ಸೂರಿನಡಿ ಎರಡು ಸಭೆಗಳು ಇರಬಹುದೇ, ಬೇಡವೇ ಎಂಬ ಜಗಳ ಹುಟ್ಟಿದ್ದೂ ಅಲ್ಲಿ, ಅದಕ್ಕೊಂದು ಉತ್ತರ ಸಿಕ್ಕಿದ್ದೂ ಅಲ್ಲಿ.

ನಮ್ಮ ಅಂತರಸಂತೆಯಿಂದ ಎಚ್.ಡಿ. ಕೋಟೆ ದಾಟಿ ಮೈಸೂರಿಗೆ ಹೋಗುವ ನೀವು ಸಬರ್ಬನ್ ಬಸ್ ನಿಲ್ದಾಣದ ಎದುರಿನ ಹಳೆಯ ಚರ್ಚನ್ನು ನೋಡಿರುತ್ತೀರಿ. ಅದು ಸಂತ ಬಾರ್ತೊಲೊಮಿಯೋ ಚರ್ಚು. 1830ರ ಹೊತ್ತಿನದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಈಸ್ಟ್ ಇಂಡಿಯಾ ಕಂಪನಿಯ ಇಂಗ್ಲಿಷ್ ಅಧಿಕಾರಿಗಳು, ಸಿಪಾಯಿಗಳು ಆರಾಧಿಸಲೆಂದು ಕಟ್ಟಿದ ಆಂಗ್ಲಿಕನ್ ಚರ್ಚು. ಅದೇ ಊರಿನಲ್ಲಿ ವೆಸ್ಲಿಯನ್ ಮಿಷನ್ನಿನವರು ಕನ್ನಡದಲ್ಲಿ ಆರಾಧನೆ ನಡೆಸುತ್ತಿದ್ದರು, ಶಾಲೆ, ಮುದ್ರಣಾಲಯ, ಆಸ್ಪತ್ರೆ ಮಾಡಿಕೊಂಡಿದ್ದರು. ಒಂದೇ ಊರು, ಒಬ್ಬನೇ ಕ್ರಿಸ್ತ, ಒಂದೇ ಬೈಬಲ್. ಆದರೂ ಆಂಗ್ಲಿಕನ್ನರಿಗೆ ಒಂದು, ವೆಸ್ಲಿಯನ್ನರಿಗೆ ಇನ್ನೊಂದು.

ಬೆಂಗಳೂರಿನ ದಂಡುಪ್ರದೇಶದಲ್ಲಿ ಇದು ಇನ್ನೂ ಕಣ್ಣಿಗೆ ಹೊಡೆಯುವಂತಿದೆ. ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿ ಸೈನ್ಯ 1809ರಲ್ಲಿ ಅಲ್ಲಿಗೆ ಬಂದು ನೆಲೆಸಿತು. ಇಂಗ್ಲಿಷರಿಗೆ ಸಂತ ಮಾರ್ಕರ ಚರ್ಚು 1812ರಲ್ಲಿ ಸಿದ್ಧವಾಯಿತು. ಐರಿಷ್ ಕಥೋಲಿಕ ಸಿಪಾಯಿಗಳಿಗೆ ಸಂತ ಪ್ಯಾಟ್ರಿಕ್ಕರ ದೇವಾಲಯ 1844ರಲ್ಲಿ. ಮಾರ್ಕರ ಚರ್ಚಿನಲ್ಲಿ ಜಾಗ ಸಾಲದೆ ಈಗಿನ ಎಂ.ಜಿ. ರಸ್ತೆಯ ಪೂರ್ವದ ಕೊನೆಯಲ್ಲಿ 1851ರಲ್ಲಿ ಟ್ರಿನಿಟಿ ಚರ್ಚು ಎದ್ದಿತು. ಸುಮಾರು ಏಳುನೂರು ಜನ ಕೂರುವಷ್ಟು ದೊಡ್ಡದು. ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರಿಗೆ ಸಂತ ಆಂಡ್ರೂಸ್ ಚರ್ಚು 1866ರಲ್ಲಿ. ಇವೆಲ್ಲ ಕಾಲುನಡಿಗೆಯ ದೂರದಲ್ಲಿವೆ. ಒಂದೇ ದಂಡಿನ ಜನ ಭಾನುವಾರ ಬೆಳಗ್ಗೆ ಸಮವಸ್ತ್ರದಲ್ಲಿ ಸಾಲಾಗಿ ಹೊರಟು ದಾರಿಯಲ್ಲಿ ಬೇರೆಬೇರೆ ದಿಕ್ಕಿಗೆ ತಿರುಗುತ್ತಿದ್ದರು.

ದಂಡಿನ ಚರ್ಚುಗಳ ಒಳಗೆ ಕಣ್ಣಿಗೆ ಬೀಳುತ್ತಿದ್ದ ಒಂದು ಗುರುತು ಹೇಳುತ್ತೇನೆ. 1857ರ ಮೇ 10, ಮೀರತ್‌ನಲ್ಲಿ ಸಿಪಾಯಿಗಳು ತಿರುಗಿಬಿದ್ದ ದಿನ, ಭಾನುವಾರವಾಗಿತ್ತು. ಆಮೇಲೆ ಇಂಗ್ಲಿಷ್ ಸೈನಿಕರು ಆರಾಧನೆಗೂ ಬಂದೂಕು ಹಿಡಿದೇ ಹೋಗತೊಡಗಿದರು. ನಮ್ಮ ದೇಶದ ಹಲವು ದಂಡಿನ ಚರ್ಚುಗಳಲ್ಲಿ ಮರದ ಬೆಂಚಿನ ಹಿಂಬದಿಗೆ ಕಚ್ಚು ಕೊರೆದಿದ್ದಾರೆ. ಎದುರಿನ ಬೆಂಚಿನ ಆ ಕಚ್ಚಿಗೆ ಬಂದೂಕಿನ ನಳಿಗೆ ಒರಗಿಸಿ, ಮಂಡಿಯೂರಿ, ಕೈಜೋಡಿಸಬೇಕು. ಶಾಂತಿಯ ಪ್ರಭುವಿನ ಮುಂದೆ, ಕೈಗೆಟುಕುವಷ್ಟೇ ದೂರದಲ್ಲಿ ತುಂಬಿದ ಬಂದೂಕು. ಅವರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಭಯ ಹೊತ್ತುಕೊಂಡೇ ದೇವರ ಮುಂದೆ ಬಂದವರು ಅವರು. ನಾವೂ ಹಾಗೆಯೇ ಬರುತ್ತೇವೆ, ನಮ್ಮ ಕೈಯಲ್ಲಿ ಬಂದೂಕು ಇಲ್ಲ ಅಷ್ಟೇ.

ಈಗ ಆ ಜಗಳದ ವಿಷಯ. ಸರ್ಕಾರ ಎಲ್ಲ ಠಾಣೆಗಳಲ್ಲೂ ಎರಡೆರಡು ಮೂರುಮೂರು ಚರ್ಚು ಕಟ್ಟಿಸಲಿಲ್ಲ. ಚಿಕ್ಕ ದಂಡುಗಳಲ್ಲಿ ಇದ್ದದ್ದು ಒಂದೇ. ಅದನ್ನು ಆಂಗ್ಲಿಕನ್ ಬಿಷಪ್ಪರು ಪ್ರತಿಷ್ಠೆ ಮಾಡಿದ ಮೇಲೆ ಅವರ ಸಭೆಯ ವಿಧಿಯೊಂದನ್ನು ಬಿಟ್ಟು ಬೇರೆ ಆರಾಧನೆಗೆ ಅಲ್ಲಿ ಎಡೆಯಿಲ್ಲ ಎಂಬುದು ಅವರ ನಿಯಮ. ಸ್ಕಾಟ್ ಪಲಟನ್ ಅಲ್ಲಿಗೆ ಬಂದಾಗ ಏನು ಮಾಡಬೇಕು? ಆ ಪಲಟನ್ನಿನ ಪಾದ್ರಿಗೆ ಸಂಬಳ ಕೊಡುವುದು ಅದೇ ಸರ್ಕಾರ. ಯುದ್ಧದಲ್ಲಿ ಇಂಗ್ಲಿಷನ ಪಕ್ಕದಲ್ಲೇ ಸ್ಕಾಟನೂ ಸಾಯಬೇಕು. ಪ್ರಾರ್ಥನೆಗೆ ಮಾತ್ರ ಅವನು ಬ್ಯಾರಕ್ಕಿನ ಕೋಣೆಗೋ ಶಾಲೆಯ ಕೊಠಡಿಗೋ ಹೋಗಬೇಕು. ಚರ್ಚು ಖಾಲಿ ಇದ್ದರೂ ಬಾಗಿಲು ತೆರೆಯುವಂತಿಲ್ಲ. ವರ್ಷಗಟ್ಟಲೆ ಪತ್ರ ವ್ಯವಹಾರ, ಮನಸ್ತಾಪ. ಕೊನೆಗೆ 19ನೆಯ ಶತಮಾನ ಮುಗಿದು 20ನೆಯದು ಹುಟ್ಟುವ ಹೊತ್ತಿಗೆ, ಕಲ್ಕತ್ತೆಯ ಬಿಷಪ್ ವೆಲ್ಡನ್ನರ ಕಾಲದಲ್ಲಿ, ಬೇರೆ ಜಾಗ ಇಲ್ಲದ ಕಡೆ ಸ್ಕಾಟ್ ಸೈನಿಕರಿಗೂ ಅದೇ ಚರ್ಚಿನಲ್ಲಿ ತಮ್ಮ ರೀತಿಯ ಆರಾಧನೆ ನಡೆಸಲು ಒಪ್ಪಿಗೆ ಸಿಕ್ಕಿತು. ಒಂದೇ ಚರ್ಚು, ಎರಡು ಸಭೆ, ಬೇರೆಬೇರೆ ಹೊತ್ತು.

ದೇವಶಾಸ್ತ್ರದ ವಾದಗಳು ಬಗೆಹರಿದು ಈ ಒಪ್ಪಿಗೆ ಬಂದದ್ದಲ್ಲ. ಮಳೆಬಿಸಿಲಿಗೆ ಆಸರೆ ಬೇಕಾದ ಸಿಪಾಯಿಗಳ ಅಗತ್ಯ ಅದನ್ನು ತಂದಿತು. ಆದರೆ ಒಮ್ಮೆ ಒಂದೇ ಬೆಂಚಿನಲ್ಲಿ ಕೂತು ಎದ್ದವರ ನಡುವೆ ಗೋಡೆ ಬಹಳ ಕಾಲ ನಿಲ್ಲಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕಥೀಡ್ರಲ್ಲಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್ ಸಭೆಯವರು ಸೇರಿ ದಕ್ಷಿಣ ಭಾರತ ಸಭೆಯಾದರು. ನಾವು ಸಿ.ಎಸ್.ಐ. ಎಂದು ಕರೆಯುವುದು ಅದನ್ನೇ. ಇಂಗ್ಲಿಷರ ಟ್ರಿನಿಟಿ, ಸ್ಕಾಟರ ಆಂಡ್ರೂಸ್, ಮೈಸೂರಿನ ಬಾರ್ತೊಲೊಮಿಯೋ, ವೆಸ್ಲಿಯನ್ನರ ವೆಸ್ಲಿ ಚರ್ಚು ಎಲ್ಲವೂ ಒಂದೇ ಸಭೆಯೊಳಕ್ಕೆ ಬಂದವು. ಬಿಷಪ್ಪರ ಸಭೆಗಳೂ ಬಿಷಪ್ಪರಿಲ್ಲದ ಸಭೆಗಳೂ ಹಾಗೆ ಒಂದಾದದ್ದು ಲೋಕದಲ್ಲೇ ಮೊದಲು. ಅದು ನಡೆದದ್ದು ನಮ್ಮ ದಕ್ಷಿಣದಲ್ಲಿ. ಕಥೋಲಿಕರಾದ ನಾವು ಆ ಸಭೆಯಲ್ಲಿಲ್ಲ. ಆದರೂ ಅದನ್ನು ಕಂಡು ದೇವರಿಗೆ ಕೃತಜ್ಞತೆ ಸಲ್ಲಿಸದಿದ್ದರೆ ನಾವು ಮಾಡುವ ಐಕ್ಯತೆಯ ಪ್ರಾರ್ಥನೆಗೆ ಬೆಲೆ ಎಲ್ಲಿದೆ?

ಸೂರು ಹಂಚಿಕೊಂಡ ಮಾತ್ರಕ್ಕೆ ಮನಸ್ಸು ಕೂಡುತ್ತದೆ ಎಂದೂ ತಿಳಿಯಬೇಡಿ. ಜೆರುಸಲೇಮಿನಲ್ಲಿ ಪ್ರಭುವಿನ ಪವಿತ್ರ ಸಮಾಧಿಯ ದೇವಾಲಯವನ್ನು ಗ್ರೀಕರು, ಲತೀನರು, ಅರ್ಮೇನಿಯರು, ಕೋಪ್ಟರು, ಸಿರಿಯನ್ನರು, ಇಥಿಯೋಪಿಯನ್ನರು ಹಂಚಿಕೊಂಡಿದ್ದಾರೆ. ಅದರ ಮುಂಬಾಗಿಲ ಮೇಲಿನ ಕಿಟಕಿಯ ಕೆಳಗೆ ಒಂದು ಮರದ ಏಣಿ ಇದೆ. ಎರಡು ಶತಮಾನಕ್ಕೂ ಹಿಂದಿನಿಂದ ಅಲ್ಲೇ ನಿಂತಿದೆ. ಎಲ್ಲರ ಒಪ್ಪಿಗೆ ಇಲ್ಲದೆ ಯಾರೂ ಅದನ್ನು ಸರಿಸುವಂತಿಲ್ಲ, ಎಲ್ಲರೂ ಒಪ್ಪುವುದಿಲ್ಲ. ಬಾಗಿಲಿನ ಬೀಗದ ಕೈ ಶತಮಾನಗಳಿಂದ ಮುಸ್ಲಿಂ ಮನೆತನಗಳ ವಶದಲ್ಲಿದೆ. ಜರ್ಮನಿಯ ಬೌಟ್ಸೆನ್ ಎಂಬ ಊರಿನ ಸಂತ ಪೇತ್ರರ ದೇವಾಲಯದ ಕಥೆ ಬೇರೆ. ಅಲ್ಲಿ 1524ರಿಂದ ಪೀಠದ ಕಡೆ ಕಥೋಲಿಕರು, ಮುಂಭಾಗದಲ್ಲಿ ಲೂಥರನ್ನರು. ನಡುವೆ ಹಿಂದೆ ಎತ್ತರದ ಅಡ್ಡಗಟ್ಟಿತ್ತು, ಈಗ ಅದನ್ನು ತಗ್ಗಿಸಿದ್ದಾರೆ.

ಇಷ್ಟು ದೂರ ಬಂದ ಮೇಲೆ ನಮ್ಮ ಲೆಕ್ಕವನ್ನೂ ನೋಡಬೇಕು. ಸರ್ಕಾರದ ದಂಡಿನ ಚರ್ಚುಗಳಿಗೆ ಖರ್ಚಾದದ್ದು ಯಾರ ಹಣ? ಈ ನಾಡಿನ ರೈತರ ಕಂದಾಯದ ಹಣ. ಅವರಲ್ಲಿ ಬಹುಪಾಲು ಕ್ರೈಸ್ತರಲ್ಲ. ಹುಣಸೂರಿನ ಅಮೃತಮಹಲಿನ ಎತ್ತುಗಳು ಆ ಸೈನ್ಯದ ಫಿರಂಗಿಗಳನ್ನು ಎಳೆದವು. ಹುಣಸೂರಿನ ಕಮಿಸರಿಯಟ್ ಕಾರ್ಖಾನೆ ಅದೇ ಸೈನ್ಯಕ್ಕೆ ಚರ್ಮದ ಸಾಮಾನು, ಕಂಬಳಿ ಒದಗಿಸಿತು. ಆ ಬೆಂಚುಗಳ ಮೇಲೆ ಕೂತವರ ಮೈಮೇಲೆ ನಮ್ಮ ಸೀಮೆಯವರ ಬೆವರಿತ್ತು. ಪಿರಿಯಾಪಟ್ಟಣದ ಆಚೆ ಮಡಿಕೇರಿ ಕೋಟೆಯೊಳಗೆ ಸಂತ ಮಾರ್ಕರ ಚರ್ಚು ಇದೆ. ವೀರಭದ್ರನ ಗುಡಿಯನ್ನು ತೆಗೆಸಿ 1850ರ ದಶಕದಲ್ಲಿ ಅಲ್ಲಿ ಕಟ್ಟಿದ್ದು. ಇಂದು ಅದು ಸರ್ಕಾರಿ ವಸ್ತುಸಂಗ್ರಹಾಲಯ, ಆರಾಧನೆ ನಡೆಯುವುದಿಲ್ಲ. ಆ ಗುಡಿಯನ್ನು ತೆಗೆಸಿದ್ದನ್ನು ನೆನೆದಾಗ ನನಗೆ ನೋವಾಗುತ್ತದೆ. ಕಫೆರ್ನೌಮಿನ ಶತಾಧಿಪತಿ ನಡೆದುಕೊಂಡ ರೀತಿ ಅದಲ್ಲ. ಅವನಂತೆ ನಡೆದುಕೊಂಡವರು ಮೈಸೂರಿನಲ್ಲಿದ್ದರು. ನಮ್ಮ ಸಂತ ಫಿಲೋಮಿನ ಮಹಾದೇವಾಲಯಕ್ಕೆ 1933ರ ಅಕ್ಟೋಬರ್ 28ರಂದು ಅಸ್ತಿಭಾರದ ಕಲ್ಲಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಚಾಮುಂಡಿಯ ಭಕ್ತರು ನಮಗೆ ದೇವರ ಮನೆ ಕಟ್ಟಿಕೊಳ್ಳಲು ನೆರವಾದರು. ಹೀಗಿರುವಾಗ ಅದೇ ಕ್ರಿಸ್ತನ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆದ ನೆರೆಯವನಿಗೆ ನಾವು ಬೀಗ ಹಾಕಿದರೆ ಅದು ಪಾಪ. ಇದಕ್ಕಿಂತ ಮೃದುವಾದ ಮಾತು ನನ್ನಲ್ಲಿಲ್ಲ.

ಧರ್ಮಸಭೆ ಈ ವಿಷಯದಲ್ಲಿ ದಾರಿ ತೋರಿಸಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಐಕ್ಯತೆಯ ಆಜ್ಞಾಪತ್ರ ಹೊರಡಿಸಿತು. ಅದನ್ನು ಆಚರಣೆಗೆ ತರಲು 1993ರಲ್ಲಿ ರೋಮಿನಿಂದ ಬಂದ ಮಾರ್ಗದರ್ಶಿಯ ಪ್ರಕಾರ, ಬೇರೆ ಸಭೆಯವರಿಗೆ ಯೋಗ್ಯವಾಗಿ ಆರಾಧಿಸಲು ಜಾಗ ಇಲ್ಲದಿದ್ದರೆ ನಮ್ಮ ದೇವಾಲಯವನ್ನು ಬಳಸಲು ಧರ್ಮಾಧ್ಯಕ್ಷರು ಅನುಮತಿ ಕೊಡಬಹುದು. ಪರಮಪ್ರಸಾದವನ್ನು ಹಂಚಿಕೊಳ್ಳುವಷ್ಟು ನಾವಿನ್ನೂ ಒಂದಾಗಿಲ್ಲ, ಆ ನೋವನ್ನು ಮುಚ್ಚಿಡುವುದೂ ಬೇಡ. ಸೂರು, ಬೆಂಚು, ಚಾಪೆ, ಕುಡಿಯುವ ನೀರು ಹಂಚಿಕೊಳ್ಳಲು ಅಡ್ಡಿಯಿಲ್ಲ. ನಮ್ಮ ಭಾರತೀಯ ಸೇನೆಯನ್ನೇ ನೋಡಿ. ಹಲವು ಪಲಟನ್ನುಗಳಲ್ಲಿ ಸರ್ವಧರ್ಮ ಸ್ಥಳವೆಂದು ಒಂದೇ ಕಟ್ಟಡ. ಕ್ರೈಸ್ತ ಸೈನಿಕರಿಗೆ ಒಬ್ಬ ಪಾದ್ರಿಯಾದರೆ, ಎದುರು ಕೂರುವವರಲ್ಲಿ ಕಥೋಲಿಕ, ಸಿ.ಎಸ್.ಐ., ಸಿರಿಯನ್ ಎಲ್ಲರೂ ಇರಬಹುದು. ಸೇನೆಯಿಂದ ಬಂದವರು ನಿಮ್ಮ ಬಳಗದಲ್ಲಿದ್ದರೆ ಕೇಳಿ ನೋಡಿ.

ನಮ್ಮ ಸೀಮೆಯಲ್ಲೂ ಕ್ರೈಸ್ತರು ಕಡಿಮೆ, ಸಭೆಗಳು ಹಲವು. ಕೇರಳ ಗಡಿಯ ಬಾವಲಿಯ ಆಚೆಯಿಂದ ಶುಂಠಿ ಬೆಳೆಯಲು ಬಂದು ಜಮೀನಿನ ಶೆಡ್ಡಿನಲ್ಲೇ ಇರುವ ಕುಟುಂಬಗಳಿವೆ, ಭಾನುವಾರ ಎಲ್ಲಿ ಪ್ರಾರ್ಥಿಸಬೇಕೆಂದು ಅವರಿಗೆ ಗೊತ್ತಿರುವುದಿಲ್ಲ. ಮನೆಯ ಜಗಲಿಯಲ್ಲಿ ಸೇರುವ ಸಣ್ಣ ಸಭೆಗಳಿವೆ. ಎಲ್ಲಕ್ಕಿಂತ ಸಂಕಟ ಸಾವಿನ ಮನೆಯಲ್ಲಿ. ಯಾವ ಸಭೆಯವರು, ಯಾರ ಸ್ಮಶಾನ, ಯಾರು ಪ್ರಾರ್ಥನೆ ಹೇಳಬೇಕು ಎಂಬ ಮಾತು ಹೆಣದ ಮುಂದೆ ಎದ್ದರೆ ಅದಕ್ಕಿಂತ ಅವಮಾನ ಕ್ರಿಸ್ತನಿಗೆ ಇನ್ನೊಂದಿಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಡದ ದಂಡಿನ ಸ್ಮಶಾನಕ್ಕೆ ಒಮ್ಮೆ ಹೋಗಿಬನ್ನಿ. ಸುಮಾರು ಮುನ್ನೂರು ಗೋರಿಗಳಿವೆ, ಇಂಗ್ಲಿಷರ ಜೊತೆಗೆ ಸ್ವಿಟ್ಜರ್ಲೆಂಡಿನ ದ ಮೊರೋನ್ ಪಲಟನ್ನಿನವರೂ ಅವರ ಹೆಂಡತಿ ಮಕ್ಕಳೂ ಅಲ್ಲಿ ಪಕ್ಕಪಕ್ಕದಲ್ಲಿದ್ದಾರೆ.

ಆದ್ದರಿಂದ ಈ ವಾರ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಬೇರೆ ಸಭೆಯ ಒಂದು ಮನೆಗೆ ಹೋಗಿ, ಅವರೊಡನೆ ಕೂತು ಪ್ರಾರ್ಥಿಸಿ ಬನ್ನಿ. ಅವರಲ್ಲಿ ಯಾರಿಗಾದರೂ ಆರಾಧನೆಗೆ ಜಾಗದ ಕೊರತೆ ಇದ್ದರೆ ಬಂದು ನನಗೆ ತಿಳಿಸಿ, ಧರ್ಮಾಧ್ಯಕ್ಷರಿಗೆ ಪತ್ರ ಬರೆಯುವುದು ನನ್ನ ಜವಾಬ್ದಾರಿ. ಸ್ಮಶಾನದ ವಿಷಯವನ್ನು ಪೂಜೆ ಮುಗಿದ ಮೇಲೆ ಹಿರಿಯರು ಇಲ್ಲೇ ಉಳಿದು ಮಾತಾಡೋಣ. ಯಾರ ಮನೆಯಲ್ಲೂ ಸಾವಿಲ್ಲದ ಹೊತ್ತಿನಲ್ಲೇ ಅದನ್ನು ತೀರ್ಮಾನಿಸಿಬಿಡೋಣ.