ಗಾಡಿಗೆ ಬಣ್ಣ, ಕುದುರೆಗೆ ಹುರುಳಿ

ಕಂಪಲಾಪುರದಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಈಗ ಕುದುರೆ ಗಾಡಿಯ ಸುಳಿವಿಲ್ಲ. ಜಟಕಾ ನೋಡಬೇಕೆಂದರೆ ಅರಮನೆಯ ಆಸುಪಾಸಿಗೇ ಹೋಗಬೇಕು. ದಸರೆ ಬಂದರೆ ಪುರಾತತ್ವ ಮತ್ತು ಪರಂಪರೆ ಇಲಾಖೆ ದಂಪತಿಗಳಿಗಾಗಿ ಟಾಂಗಾ ಸವಾರಿ ಏರ್ಪಡಿಸುತ್ತದೆ. ಮೈಸೂರು ಪೇಟ ತೊಟ್ಟವರು, ರೇಷ್ಮೆ ಸೀರೆ ಉಟ್ಟವರು ಹಳೆಯ ಕಟ್ಟಡಗಳ ಮುಂದೆ ಸಾಗುವುದು ನಿಜಕ್ಕೂ ಚೆಂದ. ಆದರೆ ದಸರೆ ಇರುವುದು ಹತ್ತು ದಿನ. ಕುದುರೆ ಹುರುಳಿ ಕೇಳುವುದು ವರ್ಷವಿಡೀ.

ಹಳೆಯ ಗಾಡಿ ಸರಿಮಾಡಿಸುವುದೆಂದರೆ ನಮ್ಮ ಕಣ್ಣು ಮೊದಲು ಬಣ್ಣದ ಡಬ್ಬಿಯ ಕಡೆ ಹೋಗುತ್ತದೆ. ಆದರೆ ಗಾಡಿಯ ಜೀವ ಇರುವುದು ಚಕ್ರದಲ್ಲಿ. ನಡುವಿನ ಗುಂಬಕ್ಕೆ ಅರೆಗಾಲು ಬಡಿದು, ಸುತ್ತಿನ ಮರ ಜೋಡಿಸಿದ ಮೇಲೆ ಕಬ್ಬಿಣದ ಹಳಿ ತೊಡಿಸಬೇಕು. ಹಳಿಯ ಅಳತೆ ಚಕ್ರಕ್ಕಿಂತ ತುಸುವೇ ಕಿರಿದು. ಬೆಂಕಿಯಲ್ಲಿ ಕೆಂಪಗೆ ಕಾದಾಗ ಹಿಗ್ಗುತ್ತದೆ. ಇಕ್ಕಳದಲ್ಲಿ ಹಿಡಿದು ತಂದು ಕೂರಿಸಿದೊಡನೆ ಮರ ಹೊಗೆಯಾಡುತ್ತದೆ, ಆಗಲೇ ನೀರು ಸುರಿಯಬೇಕು. ಹಳಿ ತಣಿದು ಬಿಗಿಯುತ್ತಿದ್ದಂತೆ ಸಡಿಲವಿದ್ದ ಸಂದುಗಳೆಲ್ಲ ಕಿರುಗುಟ್ಟಿ ಕೂಡಿಕೊಳ್ಳುತ್ತವೆ. ನೀರು ತಡವಾದರೆ ಮರ ಸುಟ್ಟೀತು, ಕಾವು ಸಾಲದಿದ್ದರೆ ಹಳಿ ಕೂರುವುದೇ ಇಲ್ಲ. ಪಕ್ಕದಲ್ಲಿ ನಿಂತು ಕಲಿತವರಿಗಷ್ಟೇ ಒಲಿಯುವ ಹದ ಇದು.

ಹೀಗೆ ಪಕ್ಕದಲ್ಲಿ ನಿಂತು ಕಲಿತ ಕಸುಬು ಉಳಿದದ್ದಕ್ಕೆ ನಮ್ಮ ಹುಣಸೂರೇ ಸಾಕ್ಷಿ. ಅಲ್ಲಿ ಬ್ರಿಟಿಷ್ ಸೇನೆಗಾಗಿ ಮರದ ಅಡ್ಡೆ, ಚರ್ಮ ಹದಮಾಡುವ ಕಾರ್ಖಾನೆ ಎರಡೂ ಇದ್ದವು. 1864ರಲ್ಲಿ ಅವು ಮುಚ್ಚಿದವು. ಆದರೂ ಕೆಲಸಗಾರರ ಮಕ್ಕಳು ಕಸುಬನ್ನು ಕೈಬಿಡಲಿಲ್ಲ. ಸರ್ಕಾರಕ್ಕೆ ಬೇಡವಾದದ್ದನ್ನು ಸಂಸಾರಗಳು ಉಳಿಸಿಕೊಂಡವು. ಪರಂಪರೆ ಅಂದಾಗ ನನಗೆ ಅರಮನೆಯ ಸಾರೋಟಿಗಿಂತ ಮೊದಲು ನೆನಪಾಗುವುದು ಈ ಮನೆಗಳು.

ಕುದುರೆಯ ಮಾತು ಇನ್ನೂ ಕಷ್ಟದ್ದು. ಮುಂಬೈಯ ವಿಕ್ಟೋರಿಯಾ ಗಾಡಿಗಳ ಮೋಜಿನ ಸವಾರಿ ಕಾನೂನುಬಾಹಿರವೆಂದು 2015ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಪರಂಪರೆಯ ಹೆಸರೆತ್ತಿ ಆ ತೀರ್ಪನ್ನು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಲಾಳ ಸವೆದ ಕುದುರೆಯನ್ನು ಕಾದ ಡಾಂಬರಿನ ಮೇಲೆ ನಿಲ್ಲಿಸಿ ಗಾಡಿಗೆ ವಾರ್ನಿಷ್ ಹೊಡೆಯುವುದನ್ನು ಸಂರಕ್ಷಣೆ ಅನ್ನಲು ಬಾಯಿ ಹೇಗೆ ಬಂದೀತು? ಕುದುರೆಗೆ ನೆರಳು, ನೀರು, ವೈದ್ಯರು. ಗಾಡಿಯವರಿಗೆ ದಸರೆ ಮುಗಿದ ಮೇಲೂ ಬಾಡಿಗೆ. ಇಷ್ಟು ನಮ್ಮ ಕೈಲಾಗದಿದ್ದರೆ ಗಾಡಿ ಸಂಗ್ರಹಾಲಯದಲ್ಲಿ ನಿಂತಿರಲಿ, ಕುದುರೆಗೆ ಬಿಡುಗಡೆ ಸಿಗಲಿ.

ಕೈಲಾಗುತ್ತದೆ ಎಂದೇ ನನ್ನ ನಂಬಿಕೆ. ಸವಾರಿಯ ಹಣದಲ್ಲಿ ಒಂದು ಪಾಲನ್ನು ಲಾಯಕ್ಕೆಂದು ಎತ್ತಿಡಬಹುದು. ಹಳಿ ಕಟ್ಟಬಲ್ಲ ಹಿರಿಯರನ್ನು ಹುಡುಕಿ, ಮೇಷ್ಟರಿಗೆ ಕೊಡುವಂತೆ ತಿಂಗಳ ಸಂಬಳ ಕೊಟ್ಟು, ಐಟಿಐ ಹುಡುಗರನ್ನು ಅವರ ಪಕ್ಕದಲ್ಲಿ ಕೆಲಸಕ್ಕೆ ನಿಲ್ಲಿಸಬಹುದು.