ಮೊದಲು ಊಟ, ಆಮೇಲೆ ಮಾತು

ಶುಭ ಶುಕ್ರವಾರದ ಮಧ್ಯಾಹ್ನ ಚರ್ಚಿನೊಳಗೆ ಜಾಗ ಸಿಗದೆ ಅಂಗಳದ ಶಾಮಿಯಾನದ ಕೆಳಗೆ ನಿಂತವರೆಲ್ಲ ಈಸ್ಟರ್ ಕಳೆದ ಮರುವಾರ ಎಲ್ಲಿಗೆ ಹೋಗುತ್ತಾರೋ ದೇವರೇ ಬಲ್ಲ. ತಪಸ್ಸುಕಾಲವನ್ನು ಮಾತ್ರ ನಾವು ಶ್ರದ್ಧೆಯಿಂದಲೇ ನಡೆಸುತ್ತೇವೆ. ಮಾಂಸ ಬಿಡುತ್ತೇವೆ, ಕೆಲವರು ನಲವತ್ತು ದಿನ ಕುಡಿತವನ್ನೂ ಬಿಡುತ್ತಾರೆ, ಶುಕ್ರವಾರ ಶುಕ್ರವಾರ ಶಿಲುಬೆ ಹಾದಿಯ 14 ಸ್ಥಳಗಳ ಮುಂದೆ ಮೊಣಕಾಲೂರುತ್ತೇವೆ. ಈಸ್ಟರ್ ದಿನ ಬಿರಿಯಾನಿ ಉಂಡು ಕೈತೊಳೆದರೆ ಆ ವರ್ಷದ ಭಕ್ತಿಗೆ ರಜೆ. ಧರ್ಮಸಭೆಯ ಪಂಚಾಂಗ ಹೇಳುವುದೇ ಬೇರೆ. ಈಸ್ಟರ್ ಕಾಲ ಪವಿತ್ರಾತ್ಮರ ಆಗಮನದ ಪೆಂಟೆಕೋಸ್ಟ್ ಹಬ್ಬದವರೆಗೆ 50 ದಿನ ನಡೆಯುತ್ತದೆ. ಉಪವಾಸಕ್ಕಿಂತ ಹಬ್ಬವೇ ಹತ್ತು ದಿನ ಹೆಚ್ಚು.

ಹಳಬರು ಇದನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ, ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಮಹಾಸಭೆ ತನ್ನ ಇಪ್ಪತ್ತನೆಯ ಕಟ್ಟಳೆಯಲ್ಲಿ, ಭಾನುವಾರಗಳಲ್ಲೂ ಈ ಐವತ್ತು ದಿನಗಳಲ್ಲೂ ಯಾರೂ ಮೊಣಕಾಲೂರಬಾರದು, ನಿಂತೇ ಪ್ರಾರ್ಥಿಸಬೇಕು ಎಂದು ವಿಧಿಸಿತು. ಕ್ರಿಸ್ತನ ಸ್ವರೂಪದ ಬಗ್ಗೆ ಅಷ್ಟು ದೊಡ್ಡ ವಾದ ನಡೆಸಿದ ಸಭೆಗೆ ಜನರ ಮೊಣಕಾಲಿನ ಚಿಂತೆಯೂ ಇತ್ತು ಅನ್ನುವುದು ನನಗೆ ಖುಷಿ ಕೊಡುತ್ತದೆ. ಸತ್ತು ಎದ್ದವನ ಎದುರಿಗೆ ಎದ್ದು ನಿಲ್ಲುವುದೇ ಆಗ ಪ್ರಾರ್ಥನೆಯಾಗಿತ್ತು. ಆ ರೂಢಿಯ ಎಳೆಯೊಂದು ಇವತ್ತಿಗೂ ಉಳಿದಿದೆ. ಮೂರು ಹೊತ್ತಿನ ಗಂಟೆಗೆ ಮರಿಯಮ್ಮನವರಿಗೆ ಸಲ್ಲಿಸುವ ಪ್ರಾರ್ಥನೆಯ ಜಾಗದಲ್ಲಿ ಈ ದಿನಗಳಲ್ಲಿ 'ರೆಜಿನಾ ಚೇಲಿ' ಎಂಬ ಹರ್ಷದ ಸ್ತುತಿ ಬರುತ್ತದೆ. ಅದನ್ನು ಹೇಳುವುದು ನಿಂತುಕೊಂಡೇ.

ಬಲಿಪೂಜೆಯ ವಾಚನಗಳೂ ಬದಲಾಗುತ್ತವೆ. ಹಳೆಯ ಒಡಂಬಡಿಕೆ ಬದಿಗೆ ಸರಿದು ಪ್ರೇಷಿತರ ಕಾರ್ಯಕಲಾಪಗಳು ಶುರುವಾಗುತ್ತವೆ. ಶುಭಸಂದೇಶದಲ್ಲಿ ಮೊದಲ ದಿನಗಳಿಗೆ ಬರುವುದು ಪುನರುತ್ಥಾನದ ನಂತರದ ಭೇಟಿಗಳು. ಅವನ್ನು ಒಟ್ಟಿಗೆ ಓದಿದರೆ ಒಂದು ಸಂಗತಿ ಕಾಣುತ್ತದೆ. ಯೇಸು ಎದುರಾದಾಗ ಯಾರೂ ಭಕ್ತಿಯ ಸ್ಥಿತಿಯಲ್ಲಿಲ್ಲ. ಮಗ್ದಲದ ಮರಿಯ ಸಮಾಧಿಯ ಬಳಿ ಅಳುತ್ತಿದ್ದಾಳೆ. ಇಬ್ಬರು ಎಲ್ಲ ಮುಗಿಯಿತೆಂದು ಎಮ್ಮಾವುಸಿನ ದಾರಿ ಹಿಡಿದಿದ್ದಾರೆ. ಸುಮಾರು 11 ಕಿಲೋಮೀಟರ್, ಜೋಲು ಮುಖ. ಉಳಿದವರು ಹೆದರಿ ಬಾಗಿಲಿಗೆ ಅಗಳಿ ಹಾಕಿಕೊಂಡಿದ್ದಾರೆ. ಪೇತ್ರನಂತೂ ಮೀನು ಹಿಡಿಯಲು ಹೊರಟೇಬಿಟ್ಟ.

ಆ ಮೀನಿನ ಕಥೆಯ ಹತ್ತಿರ ಸ್ವಲ್ಪ ನಿಲ್ಲೋಣ. ಅದು ಸಂತ ಯೊವಾನ್ನರ ಶುಭಸಂದೇಶದ ಕೊನೆಯ ಅಧ್ಯಾಯ. ತಿಬೇರಿಯ ಸರೋವರ, ದೋಣಿಯಲ್ಲಿ ಏಳು ಮಂದಿ, ರಾತ್ರಿಯಿಡೀ ಬಲೆ ಬೀಸಿದರೂ ಒಂದು ಮೀನಿಲ್ಲ. ಮಲ್ಪೆ, ಗಂಗೊಳ್ಳಿಯಲ್ಲಿ ಕಡಲಿಗಿಳಿಯುವವರಿಗೆ ಆ ಬೆಳಗಿನ ಮೌನವನ್ನು ಬಿಡಿಸಿ ಹೇಳಬೇಕಾಗಿಲ್ಲ. ದಡದಲ್ಲಿ ನಿಂತ ಯಾರೋ ಬಲಗಡೆಗೆ ಬಲೆ ಹಾಕಲು ಹೇಳುತ್ತಾನೆ. ಎಳೆಯಲಾರದಷ್ಟು ಮೀನು. ಅವನು ಸ್ವಾಮಿಯೇ ಎಂದು ಜೊತೆಯವನು ಗುರುತು ಹಿಡಿದದ್ದೇ ತಡ, ಪೇತ್ರ ಮೇಲಂಗಿ ಸುತ್ತಿಕೊಂಡು ನೀರಿಗೆ ಹಾರುತ್ತಾನೆ. ಬಲೆಯಲ್ಲಿದ್ದದ್ದು 153 ದೊಡ್ಡ ಮೀನು. ಒಂದರಿಂದ ಹದಿನೇಳರವರೆಗೆ ಕೂಡಿದರೆ 153 ಆಗುತ್ತದೆ ಎಂದು ಸಂತ ಅಗಸ್ಟೀನರು ಆ ಲೆಕ್ಕದಿಂದ ದೊಡ್ಡ ಅರ್ಥವನ್ನೇ ತೆಗೆದರು. ನನಗೆ ತೋಚುವುದು ಇಷ್ಟೇ: ಬೆಸ್ತರು ಎಷ್ಟೇ ದೊಡ್ಡ ಪವಾಡದ ನಡುವೆಯೂ ಮೀನು ಎಣಿಸುತ್ತಾರೆ, ಪಾಲು ಹಾಕಬೇಕಲ್ಲ!

ದಡಕ್ಕೆ ಬಂದರೆ ಅಲ್ಲಿ ಕೆಂಡ ಹೊತ್ತಿದೆ, ಮೇಲೆ ಮೀನಿದೆ, ಪಕ್ಕದಲ್ಲಿ ರೊಟ್ಟಿಯಿದೆ. ಯೊವಾನ್ನರು ಇಂಥದೇ ಕೆಂಡವನ್ನು ಇದಕ್ಕೆ ಮೊದಲು ಒಂದೇ ಕಡೆ ತೋರಿಸುತ್ತಾರೆ. ಅದು ಪ್ರಧಾನ ಯಾಜಕನ ಅಂಗಳ. ಚಳಿಯ ರಾತ್ರಿ, ಆಳುಗಳ ಜೊತೆ ಪೇತ್ರನೂ ಕೈ ಕಾಯಿಸುತ್ತ ನಿಂತಿದ್ದ. ಆ ರಾತ್ರಿ ಮೂರು ಸಲ, ತಾನು ಆ ಮನುಷ್ಯನ ಶಿಷ್ಯನಲ್ಲ ಅಂದ, ಕೋಳಿ ಕೂಗಿತು. ಈಗ ಒದ್ದೆ ಬಟ್ಟೆಯಲ್ಲಿ ಅವನು ಬಂದು ನಿಂತಿರುವುದೂ ಕೆಂಡದ ಮುಂದೆಯೇ. ಮೂಗಿಗೆ ಬಡಿದ ಆ ಹೊಗೆಯೇ ಅವನಿಗೆ ಸಾಕಾಗಿರಬೇಕು.

ಯೇಸು ಆ ರಾತ್ರಿಯ ಸುದ್ದಿ ಎತ್ತುವುದಿಲ್ಲ. ಈಗ ಹಿಡಿದ ಮೀನನ್ನೂ ತನ್ನಿ ಎನ್ನುತ್ತಾನೆ, ಎಲ್ಲರನ್ನೂ ತಿಂಡಿಗೆ ಕರೆಯುತ್ತಾನೆ, ಕೈಯಾರೆ ಬಡಿಸುತ್ತಾನೆ. ಉಂಡಾದ ಮೇಲೆಯೇ ಪ್ರಶ್ನೆ: ನನ್ನ ಮೇಲೆ ಪ್ರೀತಿ ಇದೆಯೇ? ಅದನ್ನೂ ಮೂರು ಸಲ ಕೇಳುತ್ತಾನೆ. ಮೂರನೆಯ ಸಲಕ್ಕೆ ಪೇತ್ರನಿಗೆ ನೋವಾಯಿತು ಎಂದು ಯೊವಾನ್ನರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅವನು ಕೊಟ್ಟ ಒಂದೊಂದು ಉತ್ತರಕ್ಕೂ ಒಂದೊಂದು ಕೆಲಸ ಸಿಗುತ್ತದೆ, ಮಂದೆ ಕಾಯುವ ಕೆಲಸ. ನಾವಾಗಿದ್ದರೆ ಮೊದಲು ತಪ್ಪಿನ ಪಟ್ಟಿ ಓದಿ, ಕ್ಷಮೆ ಕೇಳಿಸಿ, ಆಮೇಲೆ ಎಲೆ ಹಾಕುತ್ತಿದ್ದೆವು. ಪ್ರಾರ್ಥನೆಗೆ ಕೂತಾಗಲೂ ನಮ್ಮ ಮನಸ್ಸು ಇದೇ ಕ್ರಮದಲ್ಲಿ ಓಡುತ್ತದೆ: ಲೆಕ್ಕ ಚುಕ್ತಾ ಆಗದೆ ದೇವರು ಹತ್ತಿರ ಸೇರಿಸುವುದಿಲ್ಲ ಅನ್ನುವ ಹಾಗೆ. ಈಸ್ಟರಿನ ವಚನಗಳು ಆ ಕ್ರಮವನ್ನು ತಿರುಗಿಸುತ್ತವೆ. ಈ ಐವತ್ತು ದಿನ ಅವನ್ನು ಬಿಟ್ಟವರಿಗೆ ಸಿಗುವುದು ಅರ್ಧ ಶುಭಸಂದೇಶ ಮಾತ್ರ ಎಂದು ನಾನು ಹೇಳುವುದು ಅದಕ್ಕೇ.

ಇವನ್ನು ಓದುವ ಬಗೆಯನ್ನು ಸಂತ ಇಗ್ನೇಷಿಯಸ್ ಲೊಯೋಲ ತಮ್ಮ 'ಆಧ್ಯಾತ್ಮಿಕ ಸಾಧನೆ'ಯಲ್ಲಿ ಹೇಳಿಕೊಟ್ಟಿದ್ದಾರೆ. ವಚನವನ್ನು ಅರ್ಥ ಮಾಡಿಕೊಳ್ಳುವ ಅವಸರ ಬೇಡ. ಆ ಜಾಗಕ್ಕೆ ಹೋಗಿ, ನೋಡಿ, ಕೇಳಿ, ಮೂಸಿ, ಮುಟ್ಟಿ. ಪಾಪವನ್ನು ನೆನೆಯುವ ಮೊದಲ ವಾರದಲ್ಲಿ ಕಿಟಕಿ ಬಾಗಿಲು ಮುಚ್ಚಿಕೊಳ್ಳಿ ಎನ್ನುವ ಅದೇ ಗುರು, ಪುನರುತ್ಥಾನವನ್ನು ಧ್ಯಾನಿಸುವ ನಾಲ್ಕನೆಯ ವಾರ ಬಂದಾಗ ಬೆಳಕನ್ನು ಬಿಟ್ಟುಕೊಳ್ಳಿ, ಬೇಸಿಗೆಯಾದರೆ ತಂಪಿನಲ್ಲಿ ಕೂತುಕೊಳ್ಳಿ, ಚಳಿಗಾಲವಾದರೆ ಬಿಸಿಲು ಕಾಯಿಸಿಕೊಳ್ಳಿ ಎನ್ನುತ್ತಾರೆ. ಸುಖವನ್ನೂ ಅವರು ಪ್ರಾರ್ಥನೆಗೆ ಹಚ್ಚಿದರು. ನಮ್ಮ ಏಪ್ರಿಲ್, ಮೇ ಸೆಖೆಯಲ್ಲಿ ಫ್ಯಾನಿನ ಕೆಳಗೆ ಬೈಬಲ್ ಬಿಚ್ಚಿದವರು ಸಂಕೋಚ ಪಡಬೇಕಾದ್ದಿಲ್ಲ.

ಯೊವಾನ್ನರ ಆ ಕೊನೆಯ ಅಧ್ಯಾಯದಲ್ಲಿ ಇರುವುದು ಬರೀ 25 ವಚನ. ಪೆಂಟೆಕೋಸ್ಟ್ ಬರುವ ಮೊದಲು ಒಂದು ಬೆಳಿಗ್ಗೆ, ತಿಂಡಿಗೆ ಮುಂಚೆ, ಕಿಟಕಿ ತೆರೆದು, ನಿಂತುಕೊಂಡೇ ಒಮ್ಮೆ ಓದಿ. ಮನೆಯಲ್ಲಿ ನಿಮ್ಮ ಜೊತೆ ಮಾತು ಬಿಟ್ಟವರು ಯಾರಾದರೂ ಇದ್ದರೆ, ಹಳೆಯದನ್ನೇನೂ ಎತ್ತದೆ ಅವರನ್ನೂ ತಿಂಡಿಗೆ ಕರೆಯಿರಿ.