ಹಿತವನ್ನು ನಿರ್ಣಯಿಸತಕ್ಕವರು ಯಾರು?

ಪರೋಪಕಾರವು ಪುಣ್ಯವೆಂಬುದರಲ್ಲಿ ವಿವಾದವಿಲ್ಲ. ಆದರೆ ಉಪಕಾರಿಯು ಯಾವುದನ್ನು ಹಿತವೆಂದು ಬಗೆಯುವನೋ ಅದು ಉಪಕಾರವನ್ನು ಪಡೆಯುವವನಿಗೂ ಹಿತವೇ ಎಂಬ ಪ್ರಶ್ನೆ ಅಷ್ಟು ಸುಲಭವಾದುದಲ್ಲ. ಶತ್ರುವು ಮಾಡುವ ಕೇಡನ್ನು ಜನರು ಕೇಡೆಂದೇ ಗುರುತಿಸಿ ಎದುರಿಸಬಲ್ಲರು. ಹಿತೈಷಿಯ ಕೈಯಿಂದಾಗುವ ಕೇಡಾದರೋ ಬಹುಕಾಲ ಉಪಕಾರದ ಹೆಸರಿನಲ್ಲಿಯೇ ನಡೆದುಹೋಗುವುದು. ಇದಕ್ಕೆ ಆಸ್ಟ್ರೇಲಿಯಾ ಖಂಡದ ಮೂಲನಿವಾಸಿಗಳ ಚರಿತ್ರೆಯು ಒಂದು ದೊಡ್ಡ ನಿದರ್ಶನ. ಆ ಜನರ ಕುಟುಂಬಗಳಿಗೆ ನೆರವಾಗುವುದನ್ನೇ ಜೀವನವೃತ್ತಿಯಾಗಿ ಕೈಕೊಂಡವರು ಇಂದು ಆ ದೇಶದಲ್ಲಿ ಅನೇಕರಿದ್ದಾರೆ. ಆ ವೃತ್ತಿಯ ಧರ್ಮವಾವುದು, ಅದಕ್ಕೆ ಅರ್ಹರು ಯಾರು ಎಂಬ ವಿಚಾರವು ದೂರದೇಶದ್ದಾದರೂ, ಪರರ ಹಿತವನ್ನು ಕೋರುವ ಎಲ್ಲರಿಗೂ ಸಂಬಂಧಪಟ್ಟುದು.

೧೭೮೮ರಲ್ಲಿ ಆಂಗ್ಲರು ಆ ಖಂಡದಲ್ಲಿ ನೆಲೆಯೂರುವುದಕ್ಕೆ ಐವತ್ತು ಸಾವಿರ ವರ್ಷಗಳಿಗೂ ಮೊದಲಿನಿಂದ ಮೂಲನಿವಾಸಿಗಳು ಅಲ್ಲಿ ಬಾಳಿಕೊಂಡು ಬಂದಿದ್ದರು. ಇನ್ನೂರೈವತ್ತಕ್ಕಿಂತ ಹೆಚ್ಚು ಭಾಷೆಗಳು ಅವರಲ್ಲಿ ಬಳಕೆಯಲ್ಲಿದ್ದುವು. ಭೂಮಿಯನ್ನು ಕಳೆದುಕೊಂಡ ಬಳಿಕ ಅವರ ಮಕ್ಕಳನ್ನೂ ಕಳೆದುಕೊಳ್ಳುವ ಕಾಲ ಬಂದಿತು. ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ ೧೯೦೯ರಲ್ಲಿ ಮೂಲನಿವಾಸಿಗಳ ಸಂರಕ್ಷಣೆಯೆಂಬ ಹೆಸರಿನಲ್ಲಿಯೇ ಒಂದು ಶಾಸನವಾಯಿತು. ೧೯೧೫ರ ತಿದ್ದುಪಡಿಯಿಂದ, ನ್ಯಾಯಾಧಿಪತಿಯ ಮುಂದೆ ಯಾವ ದೋಷವನ್ನೂ ಸಿದ್ಧಪಡಿಸದೆಯೇ ಮಗುವನ್ನು ತಾಯಿಯಿಂದ ಅಗಲಿಸುವ ಅಧಿಕಾರವು ಸಂರಕ್ಷಣಾ ಮಂಡಲಿಗೆ ದೊರೆಯಿತು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಅದೇ ವರ್ಷ ನೇಮಕಗೊಂಡ ಎ. ಒ. ನೆವಿಲ್ ಎಂಬ ಅಧಿಕಾರಿಯ ಬಿರುದೇ ‘ಮುಖ್ಯ ಸಂರಕ್ಷಕ’ ಎಂದಿತ್ತು. ಕೂಟಮಂಡ್ರದ ನಿಲಯದಲ್ಲಿ ಹೆಣ್ಣುಮಕ್ಕಳಿಗೆ ಬಿಳಿಯರ ಮನೆಗೆಲಸದ ಶಿಕ್ಷಣವನ್ನು ಕೊಟ್ಟರು. ಕಿಂಚೆಲದ ನಿಲಯದಲ್ಲಿ ಗಂಡುಮಕ್ಕಳನ್ನು ಹೆಸರಿಗೆ ಬದಲಾಗಿ ಸಂಖ್ಯೆಯಿಂದ ಕರೆದರು. ೧೯೧೦ರಿಂದ ೧೯೭೦ರವರೆಗಿನ ಅವಧಿಯಲ್ಲಿ ಹತ್ತರಲ್ಲಿ ಒಬ್ಬರಿಂದ ಮೊದಲುಗೊಂಡು ಮೂವರಲ್ಲಿ ಒಬ್ಬರವರೆಗೆ ಮೂಲನಿವಾಸಿ ಮಕ್ಕಳು ಹೀಗೆ ಅಗಲಿಸಲ್ಪಟ್ಟರೆಂದು ಅಲ್ಲಿಯ ಮಾನವಹಕ್ಕುಗಳ ಆಯೋಗವು ೧೯೯೭ರ ತನ್ನ ವರದಿಯಲ್ಲಿ ಅಂದಾಜು ಮಾಡಿತು. ೨೦೦೮ನೆಯ ಫೆಬ್ರವರಿ ೧೩ರಂದು ಪ್ರಧಾನಮಂತ್ರಿ ಕೆವಿನ್ ರಡ್ ಅವರು ಸಂಸತ್ತಿನಲ್ಲಿ ರಾಷ್ಟ್ರದ ಪರವಾಗಿ ಕ್ಷಮೆ ಕೇಳಿದರು.

ಇಲ್ಲಿ ವಿಚಾರಿಸಬೇಕಾದುದು ಆ ಅಧಿಕಾರಿಗಳ ಕ್ರೌರ್ಯವನ್ನು ಮಾತ್ರವಲ್ಲ. ಅವರಲ್ಲಿ ಹಲವರು ತಾವು ಸತ್ಕಾರ್ಯವನ್ನೇ ಮಾಡುತ್ತಿರುವೆವೆಂದು ನಂಬಿದ್ದರು. ತಾಯಿಯ ಮಡಿಲು ಮಗುವಿಗೆ ಪ್ರಿಯವಾದುದು. ವಿದ್ಯೆ, ಶುಚಿತ್ವ, ಉದ್ಯೋಗಗಳು ಶ್ರೇಯಸ್ಕರವಾದುವು. ಪ್ರೇಯಸ್ಸನ್ನು ಬಿಡಿಸಿ ಶ್ರೇಯಸ್ಸನ್ನು ಕೊಡಿಸುವುದು ಹಿರಿಯರ ಕರ್ತವ್ಯ — ಎಂಬುದಾಗಿ ಅವರ ಪಕ್ಷವನ್ನು ಭಾರತೀಯ ಪರಿಭಾಷೆಯಲ್ಲಿ ನಿರೂಪಿಸಬಹುದು. ಈ ಪೂರ್ವಪಕ್ಷಕ್ಕೆ ಉತ್ತರವೂ ಅದೇ ಪರಿಭಾಷೆಯಲ್ಲಿದೆ. ಕಠೋಪನಿಷತ್ತಿನಲ್ಲಿ ಶ್ರೇಯಸ್ಸು ಪ್ರೇಯಸ್ಸುಗಳೆರಡೂ ಮನುಷ್ಯನ ಬಳಿಗೆ ಬರುವುವು, ಆರಿಸತಕ್ಕವನು ಅವನೇ. ಯಮನು ನಚಿಕೇತನಿಗೆ ಆಸೆ ತೋರಿಸಿದನು, ಪರೀಕ್ಷಿಸಿದನು. ಆದರೆ ಆರಿಸುವ ಅಧಿಕಾರವನ್ನು ತಾನು ಕಸಿದುಕೊಳ್ಳಲಿಲ್ಲ. ಬಲಾತ್ಕಾರದಿಂದ ಹೇರಿದ ಶ್ರೇಯಸ್ಸು ಹೇರಿದವನ ಪ್ರೇಯಸ್ಸೇ ಹೊರತು ಬೇರೆಯಲ್ಲ. ಮಗುವು ಆರಿಸಲಾರದೆಂಬುದು ನಿಜ. ಆದರೆ ಆ ಮಗುವಿನ ಪರವಾಗಿ ಆರಿಸಲು ತಾಯಿತಂದೆಗಳೂ ಬಂಧುಗಳೂ ಇದ್ದರು. ಅವರನ್ನು ಕೇಳಿದವರಿಲ್ಲ.

ಈ ಚರಿತ್ರೆಯ ಫಲವಾಗಿ ಆ ಜನರ ಬಾಯಲ್ಲಿ ಒಂದು ಮಾತಿನ ಅರ್ಥವೇ ತಲೆಕೆಳಗಾಯಿತು. ‘ಕ್ಷೇಮ’ ಎಂಬರ್ಥದ ಆಂಗ್ಲ ಶಬ್ದವಾದ ‘ವೆಲ್ಫೇರ್’ ಎಂಬುದು ಮಕ್ಕಳನ್ನು ಒಯ್ಯುವವರ ಹೆಸರಾಗಿ, ಮನೆಮನೆಗಳಲ್ಲಿ ಭಯದ ಶಬ್ದವಾಗಿ ಉಳಿಯಿತು. ಇಂದು ನೆರವಿಗೆಂದು ಬಾಗಿಲು ತಟ್ಟುವವರು, ತಾವು ನಿರ್ದೋಷಿಗಳಾದರೂ, ಈ ಭಯದ ಉತ್ತರಾಧಿಕಾರಿಗಳಾಗಿಯೇ ಹೊಸಲು ದಾಟಬೇಕಾಗಿದೆ.

ಸದ್ಭಾವವೊಂದೇ ಸಾಲದೆಂಬುದಕ್ಕೆ ಇನ್ನೊಂದು ಕಾರಣವುಂಟು. ನೋಡುವ ಕಣ್ಣಿಗೆ ಅಭ್ಯಾಸವಿಲ್ಲದಿದ್ದರೆ ಗುಣವೂ ದೋಷವಾಗಿ ತೋರುವುದು. ಮೂಲನಿವಾಸಿಗಳ ಅನೇಕ ಪಂಗಡಗಳಲ್ಲಿ ತಾಯಿಯ ಅಕ್ಕತಂಗಿಯರೂ ತಾಯಂದಿರೇ. ತಂದೆಯ ಅಣ್ಣತಮ್ಮಂದಿರೂ ತಂದೆಗಳೇ. ದೊಡ್ಡಮ್ಮ, ಚಿಕ್ಕಮ್ಮ, ದೊಡ್ಡಪ್ಪ, ಚಿಕ್ಕಪ್ಪ ಎಂಬ ಮಾತುಗಳಲ್ಲಿ ಬೆಳೆದ ಕನ್ನಡಿಗರಿಗೆ ಇದು ವಿಚಿತ್ರವೆನಿಸದು. ಆ ಖಂಡದ ಪಶ್ಚಿಮಭಾಗದ ಕರಿಯೆರ ಎಂಬ ಜನರ ಬಂಧುತ್ವಕ್ರಮವನ್ನು ಮಾನವಶಾಸ್ತ್ರಜ್ಞರು ದ್ರಾವಿಡರ ಕ್ರಮದೊಡನೆ ಹೋಲಿಸಿಯೂ ಇದ್ದಾರೆ. ಸೋದರಮಾವನ ಮಗಳನ್ನು ವರಿಸುವ ರೂಢಿ ಎರಡರಲ್ಲಿಯೂ ಇದೆ. ಆದರೆ ಗಂಡ, ಹೆಂಡತಿ, ಮಕ್ಕಳು ಇಷ್ಟೇ ಕುಟುಂಬವೆಂದು ಕಲಿತ ಅಧಿಕಾರಿಯು, ಈ ತಿಂಗಳು ಒಬ್ಬ ತಾಯಿಯ ಮನೆಯಲ್ಲಿ, ಮುಂದಿನ ತಿಂಗಳು ಇನ್ನೊಬ್ಬಳ ಮನೆಯಲ್ಲಿ ಉಣ್ಣುವ ಮಗುವನ್ನು ಕಂಡು, ‘ನೆಲೆಯಿಲ್ಲದ ಮಗು’ ಎಂದು ಬರೆದುಕೊಳ್ಳುವನು. ಹಿರಿಯರೆದುರು ಕಣ್ಣು ತಗ್ಗಿಸಿದ ಗೌರವವನ್ನು ಕಪಟವೆಂದೂ, ಉತ್ತರಕ್ಕೆ ಮುನ್ನ ಹಿಡಿದ ಮೌನವನ್ನು ಹಟವೆಂದೂ ತಿಳಿಯುವನು. ಅಧಿಕಾರದಲ್ಲಿರುವವರು ಕೇಳಿದ್ದಕ್ಕೆಲ್ಲ ಹೌದೆಂದುಬಿಡುವುದು ಅಲ್ಲಿ ಅನೇಕರ ರೂಢಿಯೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಆ ‘ಹೌದು’ ಒಪ್ಪಿಗೆಯಲ್ಲ, ಮಾತು ಬೇಗ ಮುಗಿಯಲೆಂಬ ಬಯಕೆ. ಅದನ್ನು ಒಪ್ಪಿಗೆಯೆಂದು ಬರೆದುಕೊಂಡರೆ ಒಂದು ಕುಟುಂಬದ ಭವಿಷ್ಯವೇ ಬದಲಾದೀತು.

ಈ ಕಾರಣಗಳಿಂದ ಆ ಜನರು ತಮ್ಮ ನೆರವಿನ ಸಂಸ್ಥೆಗಳನ್ನು ತಾವೇ ಕಟ್ಟಿಕೊಳ್ಳತೊಡಗಿದರು. ಸಿಡ್ನಿಯ ರೆಡ್‌ಫರ್ನ್‌ನಲ್ಲಿ ೧೯೭೦ರಲ್ಲಿ ಕಾನೂನಿನ ನೆರವಿಗೂ, ೧೯೭೧ರಲ್ಲಿ ವೈದ್ಯಕ್ಕೂ ಸಂಸ್ಥೆಗಳು ಹುಟ್ಟಿದುವು. ಅದೇ ದಶಕದ ಉತ್ತರಾರ್ಧದಲ್ಲಿ ಮಾಲಿ ಡಯರ್ ಮೊದಲಾದವರ ಪ್ರಯತ್ನದಿಂದ ವಿಕ್ಟೋರಿಯ ಪ್ರಾಂತದಲ್ಲಿ ಮಕ್ಕಳ ಪೋಷಣೆಗಾಗಿ ಮೂಲನಿವಾಸಿಗಳದೇ ಸಂಸ್ಥೆಯೊಂದು ನೆಲೆಗೊಂಡಿತು. ಮಗುವನ್ನು ಮನೆಯಿಂದ ಹೊರಗಿಡಲೇಬೇಕಾದರೆ ಮೊದಲು ಬಂಧುಗಳಲ್ಲಿ, ಬಳಿಕ ಅದೇ ಸಮುದಾಯದಲ್ಲಿ, ಅನಂತರ ಇತರ ಮೂಲನಿವಾಸಿಗಳಲ್ಲಿ ಇರಿಸತಕ್ಕದ್ದು, ಹೊರಗಿನವರ ಮನೆ ಕೊನೆಯದು ಎಂಬ ನಿಯಮವು ಕ್ರಮವಾಗಿ ಶಾಸನಗಳಲ್ಲಿ ಸೇರಿತು. ವಿಕ್ಟೋರಿಯದಲ್ಲಿ ನ್ಯಾಯಾಲಯದ ರಕ್ಷಣೆಯಲ್ಲಿರುವ ಮಗುವಿನ ಹೊಣೆಯನ್ನೇ ಮೂಲನಿವಾಸಿಗಳ ಸಂಸ್ಥೆಗೆ ವಹಿಸುವ ಏರ್ಪಾಡು ೨೦೧೭ರಿಂದ ಕಾರ್ಯರೂಪಕ್ಕೆ ಬಂದಿದೆ.

ನೆರೆಯ ನ್ಯೂಜಿಲೆಂಡಿನಲ್ಲಿ ಮಾವೊರಿ ದಾದಿಯಾದ ಇರಿಹಪೆಟಿ ರಾಮ್ಸ್‌ಡೆನ್ ಎಂಬಾಕೆಯು ೧೯೯೦ರ ಆಸುಪಾಸಿನಲ್ಲಿ ಈ ವೃತ್ತಿಗೆ ಒಂದು ಮೂಲಸೂತ್ರವನ್ನು ಒದಗಿಸಿದಳು. ರೋಗಿಯ ಆಚಾರಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ದಾದಿಯು ಯೋಗ್ಯಳಾಗಲಾರಳು; ಅವಳು ಮೊದಲು ತನ್ನ ಸಂಸ್ಕಾರವನ್ನೂ ತನ್ನ ಕೈಯಲ್ಲಿರುವ ಅಧಿಕಾರವನ್ನೂ ಪರೀಕ್ಷಿಸಿಕೊಳ್ಳಬೇಕು; ಶುಶ್ರೂಷೆಯು ನಿರ್ಭಯವಾಗಿತ್ತೇ ಎಂಬ ತೀರ್ಮಾನವು ಶುಶ್ರೂಷೆಯನ್ನು ಪಡೆದವರದು — ಇದು ಆಕೆಯ ಮತದ ಸಾರ. ಸಂಸ್ಕೃತದಲ್ಲಿ ‘ಶುಶ್ರೂಷಾ’ ಎಂಬ ಪದದ ಮೊದಲ ಅರ್ಥ ಕೇಳುವ ಇಚ್ಛೆ. ಸೇವೆಯೆಂಬುದು ಅನಂತರ ಬಂದ ಅರ್ಥ. ಆಸ್ಟ್ರೇಲಿಯಾದ ಉತ್ತರಪ್ರಾಂತದ ಡೇಲಿ ನದಿಯ ದಡದ ಜನರಲ್ಲಿಯೂ ಇದಕ್ಕೆ ಸಮೀಪದ ಒಂದು ಮಾತಿದೆ. ಶಿಕ್ಷಕಿಯೂ ಚಿತ್ರಕಾರ್ತಿಯೂ ಆದ ಮಿರಿಯಮ್ ರೋಸ್ ಉಂಗುನ್‌ಮೆರ್ ಬೌಮನ್ ಅವರು ಲೋಕಕ್ಕೆ ಪರಿಚಯಿಸಿದ ಆ ಮಾತು ‘ದದಿರಿ’; ಅವಸರವಿಲ್ಲದೆ, ಮೌನವಾಗಿದ್ದು, ಆಳವಾಗಿ ಆಲಿಸುವುದೆಂದು ಅದರ ಭಾವ. ಕೇಳದವನು ಸೇವೆ ಮಾಡಲಾರನೆಂಬ ವಿಷಯದಲ್ಲಿ ಎರಡು ದೂರದ ನಾಡುಗಳ ಮಾತುಗಳು ಒಂದಾಗಿವೆ.

ಇಲ್ಲಿ ಒಂದು ಪ್ರಬಲವಾದ ಆಕ್ಷೇಪವುಂಟು. ಪೆಟ್ಟು ತಿಂದ ಮಗುವಿನ ನೋವಿಗೆ ಕುಲಾಚಾರ ದೇಶಾಚಾರಗಳ ಭೇದವಿಲ್ಲ. ಸಂಸ್ಕೃತಿಯ ಗೌರವವೆಂದು ತಡಮಾಡುವಷ್ಟರಲ್ಲಿ ಮಗುವೇ ಕೈಬಿಟ್ಟುಹೋದರೆ ಏನು ಗತಿ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಕೂಡದು. ಯಾವ ಸಂಪ್ರದಾಯವೂ ಮಗುವಿನ ಹಿಂಸೆಗೆ ಆವರಣವಾಗಬಾರದು. ಮೂಲನಿವಾಸಿಗಳ ಸಂಸ್ಥೆಗಳು ಅದನ್ನು ಬೇಡುತ್ತಲೂ ಇಲ್ಲ. ಆದರೆ ಅಪಾಯದಿಂದ ತಪ್ಪಿಸುವುದು ಬೇರೆ, ಬೇರಿನಿಂದ ಕೀಳುವುದು ಬೇರೆ. ಹೊತ್ತಿಕೊಂಡ ಮನೆಯಿಂದ ಮಗುವನ್ನು ಎತ್ತಿ ತಂದವನು ಅದರ ಅಜ್ಜಿಯ ಮನೆಯೆಲ್ಲಿ ಎಂದು ವಿಚಾರಿಸಬೇಕಲ್ಲದೆ, ಅದರ ಹೆಸರನ್ನೇ ಬದಲಾಯಿಸಬೇಕಾಗಿಲ್ಲ. ಅದಕ್ಕಿಂತ ಮೊದಲು, ಮನೆಗೆ ಬೆಂಕಿ ಹತ್ತದಂತೆ ನೋಡಿಕೊಳ್ಳುವುದಿದೆ. ತಲೆಯ ಮೇಲೊಂದು ಸೂರು, ಹೊಟ್ಟೆಗೆ ಅನ್ನ, ಕುಡಿತದಿಂದ ಬಿಡುಗಡೆ, ಬಾಣಂತಿಗೆ ಆಸರೆ ಇವುಗಳನ್ನು ಸಕಾಲದಲ್ಲಿ ಒದಗಿಸಿದರೆ ಎಷ್ಟೋ ಮಕ್ಕಳು ಅಗಲಬೇಕಾಗಿಯೇ ಬಾರದು. ದೇಶ, ಕಾಲ, ಪಾತ್ರಗಳನ್ನರಿತು ಕೊಟ್ಟುದೇ ಸಾತ್ತ್ವಿಕ ದಾನವೆಂಬ ಗೀತೆಯ ಮತವು ಇಲ್ಲಿ ಅಕ್ಷರಶಃ ಸಲ್ಲುವುದು.

ಹಾಗಾದರೆ ಈ ವೃತ್ತಿಯ ಭಾರವೆಲ್ಲ ಆ ಸಮುದಾಯದವರ ಮೇಲೆಯೇ ಬೀಳುವುದು ನ್ಯಾಯವೇ? ತನ್ನವರ ನಡುವೆ ಕೆಲಸಮಾಡುವ ಹೆಂಗಸಿಗೆ ಕಚೇರಿಯ ಬಾಗಿಲು ಮುಚ್ಚಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅಂಗಡಿಯಲ್ಲಿ, ಸಾವಿನ ಮನೆಯಲ್ಲಿ, ಮದುವೆಯಲ್ಲಿ ಅದೇ ಕುಟುಂಬಗಳು ಅವಳಿಗೆ ಎದುರಾಗುವುವು. ಮಗುವಿಗೆ ಅಪಾಯವಿದ್ದರೆ ತಿಳಿಸಲೇಬೇಕೆಂದು ಕಾನೂನು ಹೇಳುವುದು. ತಿಳಿಸಿದರೆ, ಒಯ್ಯುವವರ ಕಡೆ ಸೇರಿದಳೆಂದು ಬಂಧುಗಳು ಹೇಳುವರು. ಅಗಲಿಸಲ್ಪಟ್ಟವರ ಮಗಳೋ ಮೊಮ್ಮಗಳೋ ಆದವಳಿಗೆ ಈ ಧರ್ಮಸಂಕಟವು ಸಾಮಾನ್ಯವಾದುದಲ್ಲ. ಅವಳನ್ನು ನೇಮಿಸಿ, ಅವಳ ಮಾತಿಗೆ ಬೆಲೆಕೊಡದೆ, ಹಳೆಯ ತೀರ್ಮಾನಗಳನ್ನೇ ಅವಳ ಬಾಯಿಂದ ಹೇಳಿಸುವ ಆಡಳಿತವು ಹಳೆಯ ಸಂರಕ್ಷಕನಿಗಿಂತ ಹೆಚ್ಚು ಸಭ್ಯವಾಗಿರಬಹುದು, ಹೆಚ್ಚು ಧಾರ್ಮಿಕವಲ್ಲ. ತೀರ್ಮಾನದ ಅಧಿಕಾರವನ್ನೂ ಅದಕ್ಕೆ ಬೇಕಾದ ಹಣವನ್ನೂ ಜೊತೆಯಲ್ಲಿಯೇ ಕೊಡತಕ್ಕದ್ದು. ಹೊರಗಿನಿಂದ ಬಂದ ಸೇವಕರಿಗೂ ಸ್ಥಾನವಿದೆ. ಕನ್ನಡನಾಡಿನಿಂದ ಹೋಗಿ ಅಲ್ಲಿ ನೆಲೆಸಿದವರೂ ಇದಕ್ಕೆ ಹೊರತಲ್ಲ. ಆದರೆ ಆ ಸ್ಥಾನವು ಶಿಷ್ಯನದು, ಗುರುವಿನದಲ್ಲ.

ಈ ಪಾಠವನ್ನು ಆ ದೇಶವು ಪೂರ್ಣವಾಗಿ ಕಲಿತಿರುವುದೆಂದು ಹೇಳುವಂತಿಲ್ಲ. ಅಲ್ಲಿಯ ಮಕ್ಕಳಲ್ಲಿ ಮೂಲನಿವಾಸಿಗಳು ನೂರಕ್ಕೆ ಸುಮಾರು ಆರು ಮಾತ್ರ. ಮನೆಯಿಂದ ಹೊರಗೆ ಸರ್ಕಾರದ ಪೋಷಣೆಯಲ್ಲಿರುವ ಮಕ್ಕಳಲ್ಲಿ ಅವರು ನೂರಕ್ಕೆ ನಲವತ್ತಕ್ಕಿಂತ ಹೆಚ್ಚು. ಈ ವೈಷಮ್ಯವನ್ನು ೨೦೩೧ರೊಳಗೆ ನೂರಕ್ಕೆ ನಲವತ್ತೈದರಷ್ಟು ತಗ್ಗಿಸುವುದಾಗಿ ೨೦೨೦ರ ರಾಷ್ಟ್ರೀಯ ಒಪ್ಪಂದದಲ್ಲಿ ಸರ್ಕಾರಗಳು ಮಾತುಕೊಟ್ಟಿವೆ. ಮೂಲನಿವಾಸಿಗಳ ಸಲಹಾಮಂಡಲಿಯೊಂದಕ್ಕೆ ರಾಜ್ಯಾಂಗದಲ್ಲಿ ಸ್ಥಾನ ಕೊಡುವ ಸೂಚನೆಯನ್ನು ೨೦೨೩ನೆಯ ಅಕ್ಟೋಬರಿನಲ್ಲಿ ಮತದಾರರು ನಿರಾಕರಿಸಿದರು. ಕ್ಷಮೆ ಕೇಳುವುದಕ್ಕೆ ಒಂದು ದಿನ ಸಾಕಾಯಿತು. ಕಿವಿಗೊಡುವುದಕ್ಕೆ ಒಂದು ತಲೆಮಾರಾದರೂ ಬೇಕಾಗುವುದು. ಮನೆಯ ಬಾಗಿಲು ತಟ್ಟಿದವರನ್ನು ಕಂಡು ತಾಯಿಯು ಮಗುವನ್ನು ಒಳಗೆ ಬಚ್ಚಿಡದೆ, ಅದನ್ನು ಎತ್ತಿಕೊಂಡೇ ಹೊರಗೆ ಬಂದು ಮಾತನಾಡಿಸುವ ಕಾಲ ಬಂದಾಗ, ಆ ವೃತ್ತಿಯು ಸಾರ್ಥಕವಾಯಿತೆಂದು ತಿಳಿಯಬಹುದು. ಆ ಪ್ರಮಾಣಪತ್ರವನ್ನು ಕೊಡತಕ್ಕವಳು ಆ ತಾಯಿಯೊಬ್ಬಳೇ.